ಡಾಕ್ಟರ್ ಡೇವಿಡ್ ರಾಮ್ಸೆ: ದೊಡ್ಡ ಮನುಷ್ಯನಾ, ಬರೀ ಜಾಣನಾ?

ಚಾರ್ಲ್‌ಸ್ಟನ್_ಅತ್ತಿಗೆ:
ಎಲ್ಲರಿಗೂ ನಮಸ್ಕಾರ. ಒಂದು ಪೇಚಿಗೆ ಸಿಕ್ಕಿದ್ದೇನೆ, ದಾರಿ ತೋರಿಸಿ.

ನಮ್ಮ ಕನ್ನಡ ಕೂಟದ ಸಂಚಿಕೆಯಲ್ಲಿ ‘ಈ ಊರಿನ ಹಳಬರು’ ಅಂತ ಒಂದು ಅಂಕಣ ಇದೆ. ನಾವಿರುವುದು ಅಮೆರಿಕದ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ. ಈ ಸಲ ಬರೆಯುವ ಸರದಿ ನನ್ನದು, ಜಾಗ ಎರಡೇ ಪುಟ. ಮೀಟಿಂಗ್ ಸ್ಟ್ರೀಟಿನ ಸರ್ಕ್ಯುಲರ್ ಚರ್ಚಿನ ಸ್ಮಶಾನದಲ್ಲಿ ಒಂದು ದಿನ ಸುಮ್ನೆ ಓಡಾಡುತ್ತಿದ್ದಾಗ ಸಿಕ್ಕ ಹೆಸರು ಡಾಕ್ಟರ್ ಡೇವಿಡ್ ರಾಮ್ಸೆ. ಓದುತ್ತಾ ಹೋದೆ, ಬಿಡಲಾಗಲಿಲ್ಲ.

ಹುಟ್ಟಿದ್ದು 1749, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ. ಐರ್ಲೆಂಡಿನಿಂದ ಬಂದ ರೈತನ ಮಗ. 16ನೇ ವಯಸ್ಸಿಗೆ ಪ್ರಿನ್ಸ್‌ಟನ್ ಕಾಲೇಜಿನ ಪದವಿ ಮುಗಿಸಿದ. ಆಮೇಲೆ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ರಶ್ ಅವರ ಶಿಷ್ಯನಾಗಿ ವೈದ್ಯ ಕಲಿತ. ಚಾರ್ಲ್‌ಸ್ಟನ್‌ಗೆ ಬಂದು ಪ್ರಾಕ್ಟೀಸ್ ಶುರು ಮಾಡಿದ ಕೆಲವೇ ವರ್ಷಕ್ಕೆ, 1776ರಲ್ಲಿ, ರಾಜ್ಯದ ಶಾಸನಸಭೆಯಲ್ಲಿದ್ದ. ಅಮೆರಿಕ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಕಾಲ ಅದು, 1780ರ ಮೇ ತಿಂಗಳಲ್ಲಿ ಊರು ಬ್ರಿಟಿಷರ ಕೈಗೆ ಬಿತ್ತು. ಊರಿನ ಮುಖಂಡರ ಜೊತೆ ಇವನನ್ನೂ ಹಿಡಿದು ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ ಸುಮಾರು 11 ತಿಂಗಳು ಇಟ್ಟರು. ಬಿಡುಗಡೆಯಾದ ಮೇಲೆ ಹೋರಾಟಕ್ಕಿಳಿದ ರಾಜ್ಯಗಳೆಲ್ಲ ಸೇರಿದ್ದ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಸದಸ್ಯ, 1790ರ ದಶಕದಲ್ಲಿ ರಾಜ್ಯ ಸೆನೆಟ್ಟಿನ ಅಧ್ಯಕ್ಷ. ಇಷ್ಟರ ನಡುವೆ ರೋಗಿಗಳನ್ನು ನೋಡುವುದು ಬಿಡಲಿಲ್ಲ, ಇತಿಹಾಸದ ಪುಸ್ತಕ ಬರೆಯುವುದೂ ಬಿಡಲಿಲ್ಲ.

ಸತ್ತದ್ದು ಹೇಗೆ ಗೊತ್ತಾ? ವಿಲಿಯಂ ಲಿನನ್ ಅಂತ ಒಬ್ಬ ದರ್ಜಿ. ಅವನ ತಲೆ ಸರಿ ಇದೆಯಾ ನೋಡಿ ಹೇಳಿ ಅಂತ ಕೋರ್ಟು ರಾಮ್ಸೆಗೂ ಇನ್ನೊಬ್ಬ ಡಾಕ್ಟರಿಗೂ ಒಪ್ಪಿಸಿತ್ತು. ಬುದ್ಧಿ ಸ್ಥಿಮಿತದಲ್ಲಿಲ್ಲ, ಹೊರಗೆ ಬಿಟ್ಟರೆ ಅಪಾಯ ಅಂತ ಇವರು ಬರೆದುಕೊಟ್ಟರು. ಅವನನ್ನು ಕೂಡಿಹಾಕಿದರು, ಸುಧಾರಿಸಿದಂತೆ ಕಂಡಾಗ ಬಿಟ್ಟರು. 1815ರ ಮೇ 6ರಂದು ಬ್ರಾಡ್ ಸ್ಟ್ರೀಟಿನಲ್ಲಿ, ಹಗಲು ಹೊತ್ತಿನಲ್ಲೇ, ಅವನು ರಾಮ್ಸೆಗೆ ಗುಂಡು ಹೊಡೆದ. ಎರಡು ದಿನಕ್ಕೆ ರಾಮ್ಸೆ ತೀರಿಕೊಂಡ. ಸುತ್ತ ಸೇರಿದ ಜನರಿಗೆ ಅವನು ಹೇಳಿದ್ದು ಇಷ್ಟು: ನಾನು ಸತ್ತರೆ ನೀವೆಲ್ಲ ಸಾಕ್ಷಿ, ಇದನ್ನು ಮಾಡಿದವನಿಗೆ ಬುದ್ಧಿ ಸರಿ ಇಲ್ಲ, ಅವನ ತಪ್ಪಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚಂದದ ಲೇಖನ ಆಗುತ್ತಿತ್ತು. ಆದರೆ ಇನ್ನಷ್ಟು ಓದಿದೆ. ಪುಸ್ತಕದಲ್ಲಿ ನಕಲು ಮಾಡಿದ್ದಾನೆ ಅನ್ನುತ್ತಾರೆ. ಗುಲಾಮಗಿರಿ ವಿಷಯದಲ್ಲಿ ಮೊದಲು ಒಂದು ಮಾತು, ಆಮೇಲೆ ಮೌನ. ದುಡ್ಡಿನ ವಿಷಯದಲ್ಲಿ ದಿವಾಳಿ. ಎರಡು ಪುಟದಲ್ಲಿ ಯಾವ ರಾಮ್ಸೆಯನ್ನು ಬರೆಯಲಿ?

ಜಗಲಿ_ಕಟ್ಟೆ:
ದರ್ಜಿ ಅಂದಾಗಲೇ ಅಂದುಕೊಂಡೆ, ಹಬ್ಬಕ್ಕೆ ಬ್ಲೌಸ್ ಕೊಡದೆ ಸತಾಯಿಸುವ ಜಾತಿಯೇ ಇರಬೇಕು ಅಂತ. ಇಲ್ಲಿ ನೋಡಿದರೆ ಅವನೇ ಗಿರಾಕಿಯನ್ನು ಮುಗಿಸಿದ್ದಾನೆ.

ಹಳೇ_ಸ್ಟೆತಸ್ಕೋಪು:
@ಚಾರ್ಲ್‌ಸ್ಟನ್_ಅತ್ತಿಗೆ ಆ ಸಾವಿನ ಮಾತನ್ನು ಬಿಡಬೇಡಿ. ಅದೊಂದೇ ಸಾಕು ಎರಡು ಪುಟಕ್ಕೆ.

ನಾನು 31 ವರ್ಷ ಸರ್ಕಾರಿ ಡಾಕ್ಟರ್ ಆಗಿದ್ದವನು. ಜನ ಅಂದುಕೊಳ್ಳುವುದು ಔಷಧಿ ತಪ್ಪಿದರೆ ಡಾಕ್ಟರಿಗೆ ಏಟು ಬೀಳುತ್ತದೆ ಅಂತ. ನನ್ನ ಅನುಭವದಲ್ಲಿ ಔಷಧಿಗಿಂತ ಕಾಗದಕ್ಕೆ ಬೀಳುವ ಏಟು ಜಾಸ್ತಿ. ಗಾಯದ ಸರ್ಟಿಫಿಕೇಟು, ಕುಡಿದಿದ್ದನೋ ಇಲ್ಲವೋ ಅನ್ನುವ ಸರ್ಟಿಫಿಕೇಟು, ವಯಸ್ಸಿನ ಸರ್ಟಿಫಿಕೇಟು. ಒಂದು ತಾಲೂಕಿನಲ್ಲಿದ್ದಾಗ ಒಬ್ಬ ಲಾರಿ ಡ್ರೈವರ್ ಕುಡಿದಿದ್ದಾನೆ ಅಂತ ಬರೆದುಕೊಟ್ಟೆ. ಮೂರು ತಿಂಗಳು ಬಿಟ್ಟು ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನನ್ನ ಎದುರಿಗೆ ಬಂದು ನಿಂತ. ಕೈಯಲ್ಲಿ ಏನೋ ಪೇಪರಿನಲ್ಲಿ ಸುತ್ತಿದ್ದು. ನನ್ನ ಎದೆ ಧಸಕ್ ಅಂತು. ಬಿಚ್ಚಿದ, ನೋಡಿದರೆ ಬಾಳೆಹಣ್ಣು. "ಸಾರ್, ಕುಡಿಯೋದು ಬಿಟ್ಟಿದ್ದೀನಿ, ಹಂಗಂತ ಒಂದು ಬರೆದುಕೊಡಿ" ಅಂದ!

ರಾಮ್ಸೆಗೆ ಬಾಳೆಹಣ್ಣು ಸಿಗಲಿಲ್ಲ. ಆದರೂ ಗುಂಡು ಹೊಟ್ಟೆಯಲ್ಲಿ ಇರುವಾಗ, ತಾನು ಮೊದಲು ಬರೆದುಕೊಟ್ಟ ಅಭಿಪ್ರಾಯಕ್ಕೇ ಅಂಟಿಕೊಂಡನಲ್ಲ. ಕೋಪದಲ್ಲಿ "ಗಲ್ಲಿಗೇರಿಸಿ" ಅನ್ನಬಹುದಿತ್ತು. ಅಂದಿದ್ದರೆ ತನ್ನ ಸರ್ಟಿಫಿಕೇಟು ಸುಳ್ಳು ಅಂತ ತಾನೇ ಹೇಳಿದಂತಾಗುತ್ತಿತ್ತು. ಇದು ಕ್ಷಮೆಗಿಂತ ಹೆಚ್ಚಾಗಿ ವೈದ್ಯನ ನಿಷ್ಠೆ.

ವಕೀಲ_ಸಾಹೇಬ್ರು:
ಸ್ಟೆತಸ್ಕೋಪು ಸಾರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬುದ್ಧಿ ಸ್ಥಿಮಿತ ಇಲ್ಲದವನ ಕೃತ್ಯ ಅಪರಾಧವಲ್ಲ ಅನ್ನುವ ನಿಯಮಕ್ಕೆ ನಾವು ಕಾಲೇಜಿನಲ್ಲಿ ಓದಿದ್ದು ಇಂಗ್ಲೆಂಡಿನ ಮೆಕ್‌ನಾಟನ್ ಕೇಸು, 1843ರದ್ದು. ನಮ್ಮ ಐಪಿಸಿ 84ನೇ ಕಲಮು ಅಲ್ಲಿಂದಲೇ ಬಂದದ್ದು, ಈಗ ಅದರ ಬದಲು ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ (ಬಿಎನ್‌ಎಸ್) 22. ಈ ಮನುಷ್ಯ ಅದಕ್ಕೂ 28 ವರ್ಷ ಮೊದಲು ರಕ್ತ ಸುರಿಸುತ್ತಾ ಅದೇ ವಾದ ಮಂಡಿಸಿದ್ದಾನೆ. ಅದೂ ಎದುರು ಪಕ್ಷದ ಪರವಾಗಿ. ಫೀಸಿಲ್ಲದೆ.

ನಕಲು_ಪತ್ತೇದಾರ:
ಎಲ್ಲರೂ ಕಣ್ಣೀರು ಒರೆಸಿಕೊಂಡಿರಾ? ಈಗ ಪುಸ್ತಕದ ವಿಷಯಕ್ಕೆ ಬರೋಣ.

ರಾಮ್ಸೆ 1785ರಲ್ಲಿ ಸೌತ್ ಕೆರೊಲಿನಾದ ಕ್ರಾಂತಿಯ ಇತಿಹಾಸ ಬರೆದ. 1789ರಲ್ಲಿ ಇಡೀ ಅಮೆರಿಕದ ಕ್ರಾಂತಿಯ ಇತಿಹಾಸ ಬರೆದ. ಎರಡನೆಯದು ದೊಡ್ಡ ಹೆಸರು ಮಾಡಿತು. ನೂರು ವರ್ಷಕ್ಕೂ ಮೇಲೆ, 1900ರ ಆಸುಪಾಸಿನಲ್ಲಿ, ಆರಿನ್ ಲಿಬಿ ಅನ್ನುವ ಇತಿಹಾಸಕಾರ ಸಾಲು ಸಾಲು ಪಕ್ಕಪಕ್ಕ ಇಟ್ಟು ತೋರಿಸಿದ. ಬ್ರಿಟನ್ನಿನ ಆನ್ಯುಯಲ್ ರಿಜಿಸ್ಟರ್ ಅನ್ನುವ ವಾರ್ಷಿಕ ಪತ್ರಿಕೆಯಿಂದ ರಾಮ್ಸೆ ಭಾಗಕ್ಕೆ ಭಾಗವೇ ಎತ್ತಿದ್ದ. ಯಾರ ವಿರುದ್ಧ ಯುದ್ಧ ಮಾಡಿದರೋ ಅವರ ಪತ್ರಿಕೆಯಿಂದಲೇ ನಮ್ಮ ಕ್ರಾಂತಿ ಹೀಗಿತ್ತು ಅಂತ ಕಾಪಿ!

ಇನ್ನೂ ಮಜಾ ಕೇಳಿ. 1789ರ ಏಪ್ರಿಲ್‌ನಲ್ಲಿ ಅಮೆರಿಕದ ಮೊಟ್ಟಮೊದಲ ಕಾಂಗ್ರೆಸ್ ಕೂತಿದ್ದೇ ತಡ, ನನ್ನ ಪುಸ್ತಕವನ್ನು ಬೇರೆಯವರು ಅಚ್ಚು ಹಾಕದಂತೆ ರಕ್ಷಣೆ ಕೊಡಿ ಅಂತ ಅರ್ಜಿ ಹಾಕಿದವರಲ್ಲಿ ಇವನೇ ಮುಂದೆ. ಮರುವರ್ಷ ಮೇ 31ಕ್ಕೆ ಮೊದಲ ಕಾಪಿರೈಟ್ ಕಾನೂನು ಬಂತು, 14 ವರ್ಷದ ಹಕ್ಕು. ಅಂದರೆ ನಕಲು ಮಾಡಿದವನೇ ನಕಲಿನ ವಿರುದ್ಧ ಕಾನೂನು ಕೇಳಿದ್ದು.

ಬೆಣ್ಣೆದೋಸೆ_ಭಕ್ತ:
ಕಳ್ಳನಿಗೇ ಬೀಗದ ಬೆಲೆ ಚೆನ್ನಾಗಿ ಗೊತ್ತಿರುವುದು 😄

ಓದುವ_ಚಟ:
@ನಕಲು_ಪತ್ತೇದಾರ ಅರ್ಧ ಸತ್ಯ ಹೇಳಬೇಡಿ. ಆ ಕಾಲದಲ್ಲಿ ಇತಿಹಾಸ ಬರೆಯುವುದು ಅಂದರೆ ಸಿಕ್ಕಿದ್ದನ್ನು ಒಟ್ಟುಮಾಡಿ ಜೋಡಿಸುವುದು. ಅಡಿಟಿಪ್ಪಣಿ, ಉದ್ಧರಣ ಚಿಹ್ನೆ ಇವೆಲ್ಲ ನಾವು ಈಗ ಕೇಳುವ ಶಿಸ್ತು. ಸೌತ್ ಕೆರೊಲಿನಾದ ಪುಸ್ತಕಕ್ಕೆ ಅವನು ಸ್ವತಃ ಕಾಗದಪತ್ರ ಕೂಡಿಸಿದ್ದ. ಅವನೇ ಸೆರೆಯಲ್ಲಿದ್ದವನು. ಕಾಂಗ್ರೆಸ್ ಸದಸ್ಯನಾಗಿದ್ದರಿಂದ ಅಲ್ಲಿನ ದಾಖಲೆ ಕೈಗೆ ಸಿಗುತ್ತಿತ್ತು. ಆ ಪುಸ್ತಕ ಲಂಡನ್ನಿನಲ್ಲಿ ಮಾರಲು ಅಂಗಡಿಯವರು ಹೆದರಿದರು. ಬ್ರಿಟಿಷ್ ಅಧಿಕಾರಿಗಳ ಬಗ್ಗೆ ಬರೆದದ್ದಕ್ಕೆ ಎಲ್ಲಿ ಕೇಸು ಬೀಳುತ್ತದೋ ಅಂತ. ಬರೀ ಕಾಪಿ ಆಗಿದ್ದರೆ ಯಾರು ಹೆದರುತ್ತಿದ್ದರು?

ನಕಲು_ಪತ್ತೇದಾರ:
1785ರ ಪುಸ್ತಕ ಒಳ್ಳೆಯದು, ಒಪ್ಪಿದೆ. 1789ರದ್ದರ ಬಗ್ಗೆ ನಾನು ಹೇಳಿದ್ದು. ಅದಕ್ಕೆ ಉತ್ತರ ಎಲ್ಲಿ? "ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದರು" ಅನ್ನುವುದು ನನ್ನ ಹತ್ತನೇ ಕ್ಲಾಸಿನ ಹುಡುಗರೂ ಹೇಳುತ್ತಾರೆ. ಒಂದು ಸಲ ಮೂವರು ಒಂದೇ ಪ್ರಬಂಧ ತಂದುಕೊಟ್ಟಿದ್ದರು, "ನನ್ನ ಅಜ್ಜಿ ತೀರಿಕೊಂಡ ದಿನ" ಅಂತ. ಮೂವರಿಗೂ ಒಂದೇ ಅಜ್ಜಿ, ಒಂದೇ ಮಂಗಳವಾರ.

ಜಗಲಿ_ಕಟ್ಟೆ:
ಆ ಅಜ್ಜಿಗೆ ಸದ್ಗತಿ ಸಿಗಲಿ. ಮೂರು ಸಲ.

ಶ್ರೀರಂಗಪಟ್ಟಣದ_ಮಗ:
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಆದರೆ ಇದು ನಮ್ಮೂರಿಗೆ ಬರುವ ದಾರಿ.

ರಾಮ್ಸೆಯ ಮೂರನೇ ಹೆಂಡತಿ ಮಾರ್ಥಾ ಲಾರೆನ್ಸ್. ಅವಳ ಅಪ್ಪ ಹೆನ್ರಿ ಲಾರೆನ್ಸ್, ಕಾಂಟಿನೆಂಟಲ್ ಕಾಂಗ್ರೆಸ್ಸಿನ ಅಧ್ಯಕ್ಷನಾಗಿದ್ದವನು. 1780ರಲ್ಲಿ ಹಾಲೆಂಡಿನಿಂದ ಸಾಲ ತರಲು ಹಡಗು ಹತ್ತಿದ, ಸಮುದ್ರದಲ್ಲಿ ಬ್ರಿಟಿಷರು ಹಿಡಿದರು, ಲಂಡನ್ ಟವರ್‌ನಲ್ಲಿ ಕೂಡಿಟ್ಟರು. ಮರುವರ್ಷ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಜನರಲ್ ಒಬ್ಬ ವಾಷಿಂಗ್ಟನ್‌ಗೆ ಶರಣಾದ. ಕೊನೆಗೆ ಆ ಜನರಲ್‌ಗೆ ಬದಲಿ ಅಂತ ಲಾರೆನ್ಸ್ ಬಿಡುಗಡೆ ಆದದ್ದು. ಆ ಜನರಲ್ ಯಾರು?

ಲಾರ್ಡ್ ಕಾರ್ನ್‌ವಾಲಿಸ್. ನಮ್ಮ ಕಾರ್ನ್‌ವಾಲಿಸ್! 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡು ಹೋದವನು. ಅಲ್ಲಿ ಸೋತ ಸಿಟ್ಟನ್ನು ಇಲ್ಲಿ ತೀರಿಸಿಕೊಂಡ ಅಂತ ನಮ್ಮ ತಾತ ಹೇಳುತ್ತಿದ್ದರು. ಇನ್ನೊಂದು ತಮಾಷೆ, ಲಾರೆನ್ಸ್ ಸೆರೆಯಲ್ಲಿದ್ದ ಆ ಟವರ್‌ಗೆ ಕಾನ್‌ಸ್ಟೇಬಲ್ ಅನ್ನುವ ಗೌರವ ಹುದ್ದೆ ಇದೆ. ಆಗ ಅದು ಇದ್ದದ್ದು ಕಾರ್ನ್‌ವಾಲಿಸ್ ಹೆಸರಿನಲ್ಲೇ. ಕೈದಿಗೆ ಬದಲಿ ಜೈಲರ್.

ಬೆಣ್ಣೆದೋಸೆ_ಭಕ್ತ:
ಅಯ್ಯೋ ಇದು ಗೊತ್ತೇ ಇರಲಿಲ್ಲ. ಮೈ ಜುಂ ಅಂತು.

ಓದುವ_ಚಟ:
ಹಾಗಾದರೆ ಇದನ್ನೂ ಕೇಳಿ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಸಣ್ಣ ಹಡಗು ತನಗಿಂತ ಬಲವಾದ ಜನರಲ್ ಮಂಕ್ ಅನ್ನುವ ಬ್ರಿಟಿಷ್ ಹಡಗನ್ನು ಗೆದ್ದಿತು. ಗೆದ್ದ ಹಡಗಿನ ಹೆಸರು ‘ಹೈದರ್ ಆಲಿ’. ಆಗ ಮೈಸೂರಿನಲ್ಲಿ ಹೈದರ್ ಬದುಕೇ ಇದ್ದ. ಅದೇ ವರ್ಷ ರಾಮ್ಸೆ ಕಾಂಗ್ರೆಸ್ ಸದಸ್ಯನಾಗಿ ಫಿಲಡೆಲ್ಫಿಯಾಗೆ ಹೋಗಿದ್ದು. ಫಿಲಿಪ್ ಫ್ರೆನೋ ಅನ್ನುವ ಕವಿ ಆ ಹಡಗಿನ ಮೇಲೆ ಪದ್ಯ ಕಟ್ಟಿದ. ರಾಮ್ಸೆಯ ಪುಸ್ತಕ ಲಂಡನ್ನಿನಲ್ಲಿ ಮಾರಲು ಬಿಡದಿದ್ದಾಗಲೂ ಅಣಕದ ಪದ್ಯ ಬರೆದವನು ಅವನೇ.

ಚಾರ್ಲ್‌ಸ್ಟನ್_ಅತ್ತಿಗೆ:
ಇದು ಚಿನ್ನ! ಕೂಟದವರಿಗೆ ಕಾರ್ನ್‌ವಾಲಿಸ್ ವಿಷಯ ಹೇಳಿದರೆ ಎದ್ದು ಕೂರುತ್ತಾರೆ. ಆದರೆ ರಾಮ್ಸೆಯನ್ನು ಮರೆಯಬೇಡಿ, ಪ್ಲೀಸ್ 🙏

ಮುಸ್ಸಂಜೆ:
ಮಾರ್ಥಾಳನ್ನು "ಮೂರನೇ ಹೆಂಡತಿ", "ಅವಳ ಅಪ್ಪ" ಅಂತ ದಾಟಿಸಿಬಿಟ್ಟಿರಲ್ಲ. ಸ್ವಲ್ಪ ನಿಲ್ಲಿ.

ರಾಮ್ಸೆಯ ಮೊದಲ ಹೆಂಡತಿ ಸಬೈನಾ, ಮದುವೆಯಾಗಿ ವರ್ಷದಲ್ಲೇ ಹೋದಳು. ಎರಡನೆಯವಳು ಫ್ರಾನ್ಸಿಸ್, ಪ್ರಿನ್ಸ್‌ಟನ್ ಕಾಲೇಜಿನ ಮುಖ್ಯಸ್ಥ ವಿದರ್‌ಸ್ಪೂನ್ ಅವರ ಮಗಳು. ಹೆರಿಗೆಯಲ್ಲಿ ತೀರಿಕೊಂಡಳು. ಡಾಕ್ಟರ್ ಮನೆಯಲ್ಲೇ ಹೀಗೆ. 1787ರಲ್ಲಿ ಮಾರ್ಥಾ ಬಂದಳು. 16 ವರ್ಷದಲ್ಲಿ 11 ಮಕ್ಕಳು, ಉಳಿದದ್ದು 8. ಆ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿದಳು. ಗಂಡ ಸ್ಯಾಂಟೀ ಕಾಲುವೆ ಕಂಪನಿಯ ಷೇರಿಗೆ, ಭೂಮಿಗೆ ಅಂತ ದುಡ್ಡು ಸುರಿದು 1798ರಲ್ಲಿ ದಿವಾಳಿ ಎದ್ದಾಗ ಸಂಸಾರ ತೂಗಿಸಿದವಳು ಅವಳೇ. 1811ರಲ್ಲಿ ಸಾಯುವ ಕೆಲವೇ ದಿನ ಮೊದಲು "ನನ್ನ ದಿನಚರಿ ಇಂಥ ಕಡೆ ಇದೆ" ಅಂತ ಗಂಡನಿಗೆ ಹೇಳಿದಳು. ಅಲ್ಲಿಯವರೆಗೆ ಅವನಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ! ಅದೇ ವರ್ಷ ಅವನು ಅದನ್ನು ಅಚ್ಚು ಹಾಕಿಸಿದ.

ಇತಿಹಾಸಕಾರನ ಹೆಂಡತಿ 24 ವರ್ಷ ಪಕ್ಕದಲ್ಲೇ ಕೂತು ಬರೆಯುತ್ತಿದ್ದಳು, ಇತಿಹಾಸಕಾರನಿಗೆ ಕಾಣಲಿಲ್ಲ. ಅದನ್ನು ಬರೆಯಿರಿ ಅತ್ತಿಗೆ.

ನಕಲು_ಪತ್ತೇದಾರ:
ಅಲ್ಲಿಗೂ ಬೇರೆಯವರು ಬರೆದದ್ದನ್ನೇ ಅಚ್ಚು ಹಾಕಿಸಿದ ಅನ್ನಿ.

ಮುಸ್ಸಂಜೆ:
ಅನ್ಯಾಯದ ಮಾತು. ಅದರಲ್ಲಿ ಅವಳ ಹೆಸರನ್ನೇ ಹಾಕಿದ್ದಾನೆ. ಕುಟುಂಬದವರೆಲ್ಲ ಓದಲಿ ಅಂತ ಅವಳೇ ಬಿಟ್ಟು ಹೋದದ್ದು. ಊರಿಗೇ ಹಂಚಬೇಕಿತ್ತಾ ಅನ್ನುವುದು ಬೇರೆ ಪ್ರಶ್ನೆ. ನನ್ನ ಡೈರಿಯನ್ನು ನನ್ನ ಯಜಮಾನರು ಅಚ್ಚು ಹಾಕಿಸಿದರೆ ನಾನು ಎದ್ದು ಬರುತ್ತೇನೆ.

ಹಳೇ_ಸ್ಟೆತಸ್ಕೋಪು:
ಮಾರ್ಥಾಳ ಬಗ್ಗೆ ಒಂದು ಕಥೆ ಇದೆ, ರಾಮ್ಸೆಯೇ ಬರೆದದ್ದು. ಹಸುಗೂಸಾಗಿದ್ದಾಗ ಅವಳಿಗೆ ಸಿಡುಬು ಬಂತು. ಆಗ ಸಿಡುಬಿನ ರೋಗಿಯನ್ನು ಬಾಗಿಲು ಕಿಟಕಿ ಮುಚ್ಚಿ ಬಿಸಿಯಲ್ಲಿ ಇಡುತ್ತಿದ್ದರು. ಮಗು ಸತ್ತೇಹೋಯಿತು ಅಂತ ಮಣ್ಣು ಮಾಡಲು ಸಿದ್ಧ ಮಾಡಿ ಕಿಟಕಿಯ ಹತ್ತಿರ ಮಲಗಿಸಿದ್ದರು. ಕಿಟಕಿ ತೆರೆದಿತ್ತು. ತಂಗಾಳಿಗೆ ಮಗುವಿನಲ್ಲಿ ಜೀವ ಮರಳಿತು. ಡಾಕ್ಟರ್ ಬಂದು ನೋಡಿ ಬದುಕಿದೆ ಅಂದರು.

ಅದನ್ನು ಕಂಡ ಅಪ್ಪನಿಗೆ ಜೀವಂತ ಹೂತುಬಿಟ್ಟರೆ ಅನ್ನುವ ಭಯ ಹಿಡಿಯಿತು. ನನ್ನನ್ನು ಹೂಳಬೇಡಿ, ಸುಡಿ ಅಂತ ಉಯಿಲಿನಲ್ಲೇ ಬರೆದ. 1792ರ ಡಿಸೆಂಬರಿನಲ್ಲಿ ತನ್ನ ಮೆಪ್ಕಿನ್ ತೋಟದಲ್ಲಿ ಹೆನ್ರಿ ಲಾರೆನ್ಸ್‌ನನ್ನು ದಹನ ಮಾಡಿದರು. ಅಮೆರಿಕದ ಬಿಳಿಯರಲ್ಲಿ ಅದಕ್ಕೂ ಮೊದಲು ಹಾಗೆ ಕಟ್ಟಳೆಯಾಗಿ ಸುಟ್ಟ ಉದಾಹರಣೆ ಇತಿಹಾಸಕಾರರಿಗೆ ಸಿಕ್ಕಿಲ್ಲ. ನಮಗೆ ದಿನನಿತ್ಯದ ವಿಷಯ, ಅಲ್ಲಿನವರಿಗೆ ಆಗ ಅದು ದೊಡ್ಡ ಗಾಬರಿ.

ಇನ್ನೊಂದು. ಅಂಥ ಸಿಡುಬು ಕಂಡ ಮನೆಯ ಅಳಿಯ ರಾಮ್ಸೆ, 1802ರಲ್ಲಿ ಚಾರ್ಲ್‌ಸ್ಟನ್‌ಗೆ ಜೆನ್ನರನ ಲಸಿಕೆ ತಂದ. ಮೊದಲು ಹಾಕಿದ್ದು ತನ್ನ ಮಗ ನಥಾನಿಯಲ್‌ಗೇ.

ಶ್ರೀರಂಗಪಟ್ಟಣದ_ಮಗ:
1802! ಅದೇ ವರ್ಷ ಜೂನ್ 14ಕ್ಕೆ ಮುಂಬೈಯಲ್ಲಿ ಮೂರು ವರ್ಷದ ಒಂದು ಮಗುವಿಗೆ ಭಾರತದ ಮೊದಲ ಲಸಿಕೆ. ಮೈಸೂರಿಗೆ ಬಂದದ್ದು ಅದಾಗಿ ಮೂರ್ನಾಲ್ಕು ವರ್ಷದೊಳಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು ಲಸಿಕೆ ಹಾಕಿಸಿಕೊಂಡದ್ದನ್ನು ಥಾಮಸ್ ಹಿಕ್ಕಿ ಚಿತ್ರ ಬರೆದ ಅಂತ ಇತಿಹಾಸಕಾರರು ಹೇಳುತ್ತಾರಲ್ಲ, ಸೀರೆ ಸ್ವಲ್ಪ ಸರಿಸಿ ತೋಳು ತೋರಿಸುವ ರಾಣಿ. ಅದು ಸುಮಾರು 1805.

ಜಗಲಿ_ಕಟ್ಟೆ:
ನಮ್ಮ ಮನೆಯಲ್ಲಿ ಕೋವಿಡ್ ಲಸಿಕೆಗೆ ಅಜ್ಜಿಯನ್ನು ಒಪ್ಪಿಸಲು ಇದೇ ಚಿತ್ರ ತೋರಿಸಿದ್ದೆ. "ರಾಣಿಗೆ ಆಳುಕಾಳು ಇದ್ದರು, ಜ್ವರ ಬಂದರೆ ನನಗೆ ಗಂಜಿ ಯಾರು ಮಾಡ್ತಾರೆ" ಅಂದರು.

ಕೆಂಡಸಂಪಿಗೆ_ಮರ:
ಒಂದು ಗಂಟೆಯಿಂದ ಓದುತ್ತಿದ್ದೇನೆ. ಲಸಿಕೆ, ದಹನ, ಕಾರ್ನ್‌ವಾಲಿಸ್ ಎಲ್ಲ ಬಂತು. ಅತ್ತಿಗೆ ಮೊದಲೇ ಕೇಳಿದ ಗುಲಾಮಗಿರಿ ವಿಷಯದ ಪಕ್ಕಕ್ಕೂ ಯಾರೂ ಹೋಗಲಿಲ್ಲ. ಹೆನ್ರಿ ಲಾರೆನ್ಸ್‌ನ ದಹನದ ಬಗ್ಗೆ ಅಷ್ಟು ಹೇಳಿದಿರಿ. ಆ ಮನುಷ್ಯ ದುಡ್ಡು ಮಾಡಿದ್ದು ಹೇಗೆ ಅಂತ ಹೇಳಲಿಲ್ಲ. ಆಫ್ರಿಕಾದಿಂದ ತಂದ ಸಾವಿರಾರು ಜನರನ್ನು ಚಾರ್ಲ್‌ಸ್ಟನ್‌ನಲ್ಲಿ ಮಾರಿದ ಕಂಪನಿಯ ಪಾಲುದಾರ ಅವನು. ಮೆಪ್ಕಿನ್ ತೋಟದಲ್ಲಿ ದುಡಿದವರೂ ಅವರೇ.

ಬೆಣ್ಣೆದೋಸೆ_ಭಕ್ತ:
ಅದು ಮಾವನ ಪಾಪ, ಅಳಿಯನದ್ದಲ್ಲವಲ್ಲ.

ಕೆಂಡಸಂಪಿಗೆ_ಮರ:
ಅಳಿಯನದ್ದೇ ಹೇಳುತ್ತೇನೆ, ಕೇಳಿ. ಅವನನ್ನು ಸುಮ್ನೆ ಬೈಯಲು ಬಂದಿಲ್ಲ, ಮೊದಲು ಒಳ್ಳೆಯದನ್ನೇ ಹೇಳುತ್ತೇನೆ.

1779ರಲ್ಲಿ ಕಾಂಗ್ರೆಸ್ ಸೌತ್ ಕೆರೊಲಿನಾಕ್ಕೂ ಜಾರ್ಜಿಯಾಕ್ಕೂ ಒಂದು ಸಲಹೆ ಕೊಟ್ಟಿತು. ಗುಲಾಮರಲ್ಲಿ 3000 ಜನರನ್ನು ಸೈನ್ಯಕ್ಕೆ ಸೇರಿಸಿ, ಯುದ್ಧ ಮುಗಿದ ಮೇಲೆ ಬಿಡುಗಡೆ ಕೊಡಿ ಅಂತ. ಇದರ ಹಿಂದೆ ಇದ್ದದ್ದು ಮಾರ್ಥಾಳ ಅಣ್ಣ ಜಾನ್ ಲಾರೆನ್ಸ್. ರಾಜ್ಯದ ಸಭೆಯಲ್ಲಿ ಇದರ ಪರ ಇದ್ದ ಬೆರಳೆಣಿಕೆಯ ಜನರಲ್ಲಿ ರಾಮ್ಸೆ ಒಬ್ಬ. ಸುಮಾರು 12 ಮತ ಬಿತ್ತು, ತೋಟದ ಒಡೆಯರು ಕೇಳಿಯೇ ಬೆಚ್ಚಿಬಿದ್ದರು ಅಂತ ಅವನೇ ಪತ್ರದಲ್ಲಿ ಬರೆದಿದ್ದಾನೆ.

1786ರಲ್ಲಿ ಥಾಮಸ್ ಜೆಫರ್ಸನ್‌ಗೆ ಇನ್ನೊಂದು ಪತ್ರ. ಜೆಫರ್ಸನ್ ತನ್ನ ಪುಸ್ತಕದಲ್ಲಿ ಕಪ್ಪು ಜನ ಬುದ್ಧಿಯಲ್ಲಿ ಕಡಿಮೆ ಇರಬಹುದು ಅಂತ ಬರೆದಿದ್ದ. ನೀವು ಅವರನ್ನು ತೀರಾ ಕೆಳಗೆ ಇಳಿಸಿದ್ದೀರಿ ಅಂತ ರಾಮ್ಸೆ ನೇರವಾಗಿ ಹೇಳಿದ. ಎಲ್ಲ ಮನುಷ್ಯರೂ ಮೂಲದಲ್ಲಿ ಒಂದೇ, ಸಂದರ್ಭ ಬೇರೆ ಮಾಡಿದೆ ಅಷ್ಟೇ ಅಂದ. ಡಾಕ್ಟರ್ ಆಗಿ ಹೇಳಿದ ಮಾತು ಅಂತ ಲೆಕ್ಕ ಹಾಕಿ, ತೂಕ ಇನ್ನೂ ಜಾಸ್ತಿ.

ಈಗ ಮುಂದಿನದು. 1788ರಲ್ಲಿ ಹೊಸ ಸಂವಿಧಾನಕ್ಕೆ ರಾಜ್ಯ ಒಪ್ಪಬೇಕು ಅಂತ ಒಂದು ಕರಪತ್ರ ಬರೆದ, ‘ಸಿವಿಸ್’ ಅನ್ನುವ ಹೆಸರಿನಲ್ಲಿ. ಅದರಲ್ಲಿ ತೋಟದ ಒಡೆಯರಿಗೆ ಸಮಾಧಾನ ಹೇಳುತ್ತಾನೆ: ಗುಲಾಮರನ್ನು ತರಿಸುವ ವ್ಯಾಪಾರವನ್ನು 21 ವರ್ಷ ಯಾರೂ ಮುಟ್ಟುವಂತಿಲ್ಲ, ಆಮೇಲೂ ನಿಲ್ಲಿಸಿಯೇ ತೀರುತ್ತಾರೆ ಅಂತ ಇಲ್ಲ. ಎರಡು ವರ್ಷದ ಹಿಂದೆ ಜೆಫರ್ಸನ್‌ಗೆ ಬರೆದ ಕೈ ಇದೇನಾ?

ವಕೀಲ_ಸಾಹೇಬ್ರು:
ಅದಾದ ಮೇಲೆ ನಡೆದ ಚುನಾವಣೆಯನ್ನೂ ಇಲ್ಲೇ ಹೇಳಬೇಕು. ಮೊದಲ ಅಮೆರಿಕನ್ ಹೌಸ್‌ಗೆ, ಅಂದರೆ ಕಾಂಗ್ರೆಸ್ಸಿನ ಕೆಳಮನೆಗೆ, ಚಾರ್ಲ್‌ಸ್ಟನ್‌ನಿಂದ ರಾಮ್ಸೆ ನಿಂತ. ಎದುರಾಳಿ ವಿಲಿಯಂ ಲೌಟನ್ ಸ್ಮಿತ್. ರಾಮ್ಸೆ ಉತ್ತರದಿಂದ ಬಂದವನು, ಗುಲಾಮರನ್ನು ಬಿಡಿಸುವ ಪಕ್ಷದವನು ಅಂತ ಊರಲ್ಲಿ ಸುದ್ದಿ ಹಬ್ಬಿತು. ರಾಮ್ಸೆ ಸೋತ. ಸೋತದ್ದು ಇದೇ ಕಾರಣಕ್ಕೆ ಅಂತ ಅವನೇ ಹೇಳಿಕೊಂಡ.

ಆಮೇಲೆ ಅವನು ಮಾಡಿದ್ದು ನಮ್ಮವರೆಲ್ಲ ಮಾಡುವುದನ್ನೇ. ಚುನಾವಣೆ ತಕರಾರು! ಸ್ಮಿತ್ ಹುಡುಗನಾಗಿದ್ದಾಗ 1770ರಲ್ಲಿ ಇಂಗ್ಲೆಂಡಿಗೆ ಹೋದವನು, ಯುದ್ಧವೆಲ್ಲ ಮುಗಿದ ಮೇಲೆ 1783ರಲ್ಲಿ ವಾಪಸ್ ಬಂದವನು. ಸದಸ್ಯನಾಗಲು 7 ವರ್ಷ ಪ್ರಜೆಯಾಗಿರಬೇಕು, ಇವನಿಗೆ ಆಗಿಲ್ಲ ಅಂತ ರಾಮ್ಸೆ ಅರ್ಜಿ. ಅದೇ ಸಭೆಯ ಸದಸ್ಯ ಜೇಮ್ಸ್ ಮ್ಯಾಡಿಸನ್ ಎದ್ದು ಹೇಳಿದರು, ಹುಟ್ಟಿದ ಊರು ಇದೇ, ಆ ಸಮಾಜ ಸ್ವತಂತ್ರ ಆದಾಗ ಅವನೂ ಪ್ರಜೆ ಆದ ಅಂತ. 1789ರ ಮೇ 22ರಂದು ಮತ ಹಾಕಿದರು: ಸ್ಮಿತ್ ಪರ 36, ವಿರುದ್ಧ 1. ಪೌರತ್ವದ ಬಗ್ಗೆ ಆ ದೇಶದಲ್ಲಿ ವಾದ ಬಂದಾಗ ಇಂದಿಗೂ ಇದನ್ನು ಎತ್ತುತ್ತಾರೆ. ಸೋತು ಹೆಸರು ಉಳಿಸಿಕೊಳ್ಳುವುದು ಅಂದರೆ ಇದು.

ಕೆಂಡಸಂಪಿಗೆ_ಮರ:
ಕರೆಕ್ಟ್. ಆ ಸೋಲಿನ ಆಮೇಲೆ ನೋಡಿ. ರಾಜ್ಯ ಸೆನೆಟ್ಟಿಗೆ ಅಧ್ಯಕ್ಷ. ಗುಲಾಮಗಿರಿಯ ಬಗ್ಗೆ ಬಹಿರಂಗವಾಗಿ ಬಾಯಿ ಬಿಡುವುದು ಕಮ್ಮಿ ಆಯಿತು. 1803ರಲ್ಲಿ ಸೌತ್ ಕೆರೊಲಿನಾ ಮತ್ತೆ ವ್ಯಾಪಾರಕ್ಕೆ ಬಾಗಿಲು ತೆರೆದು, 1808ರೊಳಗೆ ಸುಮಾರು 40 ಸಾವಿರ ಜನರನ್ನು ಹಡಗಿನಲ್ಲಿ ತಂದಿತು. ಅವನ ಮನೆಯಿಂದ ನಡೆದು ಹೋಗುವಷ್ಟು ದೂರದ ಬಂದರಿಗೇ. 1809ರಲ್ಲಿ ರಾಜ್ಯದ ಇತಿಹಾಸ ಬರೆದಾಗ ಜೆಫರ್ಸನ್‌ಗೆ ಬರೆದ ದನಿ ಎಲ್ಲೂ ಇಲ್ಲ, ಮೆತ್ತಗಾಗಿದೆ. ಗೊತ್ತಿಲ್ಲದವನು ಸುಮ್ಮನಿದ್ದರೆ ಬೇರೆ. ಗೊತ್ತಿದ್ದು, ಒಮ್ಮೆ ಬರೆದು, ಆಮೇಲೆ ಸುಮ್ಮನಾದವನು ಇವನು. ನನಗೆ ಕಾಪಿ ಹೊಡೆದದ್ದು ಅಷ್ಟು ದೊಡ್ಡದಲ್ಲ. ಇದು ದೊಡ್ಡದು.

ಹಳೇ_ಸ್ಟೆತಸ್ಕೋಪು:
ಒಪ್ಪುತ್ತೇನೆ. ಸ್ವಲ್ಪ ಕಷ್ಟದಿಂದಲೇ. ಆ ಊರಿನಲ್ಲಿ ಡಾಕ್ಟರಿಗೆ ಫೀಸು ಕೊಡುವವರೆಲ್ಲ ತೋಟದ ಒಡೆಯರು. ಮತ ಹಾಕುವವರೂ ಅವರೇ. ನಾನೂ ಸರ್ವಿಸಿನಲ್ಲಿದ್ದಾಗ ಕೆಲವು ವಿಷಯ ನೋಡಿಯೂ ನೋಡದ ಹಾಗೆ ಇದ್ದೆ, ವರ್ಗಾವಣೆ ಆಗುತ್ತದೆ ಅಂತ. ಹೆಂಡತಿಗೂ ಹೇಳಿರಲಿಲ್ಲ.

ಮುಸ್ಸಂಜೆ:
ಸಾರ್, ನೀವು ಈಗ ಹೇಳಿದಿರಿ. ಅವನು ಹೇಳಲಿಲ್ಲ.

ನಕಲು_ಪತ್ತೇದಾರ:
ಕೆಂಡಸಂಪಿಗೆಯವರಿಗೆ ಒಂದೇ ತಿದ್ದುಪಡಿ. 1787ರಲ್ಲಿ ರಾಜ್ಯ ಆ ವ್ಯಾಪಾರವನ್ನು ನಿಲ್ಲಿಸಿದಾಗ ರಾಮ್ಸೆ ನಿಲ್ಲಿಸುವವರ ಕಡೆ ಇದ್ದ. ಹಾಗಾಗಿ 1786ರಿಂದ 1788ಕ್ಕೆ ನೇರ ಜಿಗಿತ ಅಲ್ಲ, ನಡುವೆ ಒಂದು ಮೆಟ್ಟಿಲು ಇದೆ. ನಾನೇ ಅವನ ಪರ ಮಾತಾಡುವ ಕಾಲ ಬಂತು ನೋಡಿ.

ಕೆಂಡಸಂಪಿಗೆ_ಮರ:
ತಿದ್ದುಪಡಿ ಒಪ್ಪಿದೆ. ಅದು ವಿಷಯವನ್ನು ಇನ್ನೂ ಹದಗೆಡಿಸುತ್ತದೆ ಅಷ್ಟೇ.

ಗುಬ್ಬಿ_ಗೂಡು:
ತಡವಾಗಿ ಬಂದೆ. ಇವನು ಡಾಕ್ಟರ್ ಆಗಿ ಹೇಗಿದ್ದ? ಯಾರೂ ಹೇಳಲಿಲ್ಲ.

ಹಳೇ_ಸ್ಟೆತಸ್ಕೋಪು:
ಗುರು ರಶ್ ಬಹಳ ಹೊಗಳಿದ್ದ, ನಮ್ಮ ಕಾಲೇಜಿನಿಂದ ಹೊರಬಂದವರಲ್ಲಿ ಇವನಂಥವನು ಬೇರೆ ಇಲ್ಲ ಅನ್ನುವಷ್ಟು. ಆದರೆ ಅದೇ ರಶ್ 1793ರ ಫಿಲಡೆಲ್ಫಿಯಾದ ಹಳದಿ ಜ್ವರಕ್ಕೆ ರೋಗಿಯ ರಕ್ತ ಹರಿಸುವುದು, ಭೇದಿ ಮಾಡಿಸಲು ಪಾದರಸದ ಔಷಧಿ ಕೊಡುವುದು, ಇವನ್ನೇ ಮದ್ದು ಅಂದವನು. ಶಿಷ್ಯನಿಗೆ ಗುರುವಿನ ಮೇಲೆ ಕೊನೆಯವರೆಗೂ ಭಕ್ತಿ. ರಶ್ ಸತ್ತಾಗ 1813ರಲ್ಲಿ ಶ್ರದ್ಧಾಂಜಲಿ ಭಾಷಣ ಮಾಡಿದ್ದು ಇವನೇ. ರಾಮ್ಸೆಯಲ್ಲಿ ನನಗೆ ಹಿಡಿಸುವುದು ಬೇರೆ: ಚಾರ್ಲ್‌ಸ್ಟನ್‌ನ ಹವೆ, ಮಣ್ಣು, ಮಳೆ, ಯಾವ ಋತುವಿನಲ್ಲಿ ಯಾವ ಜ್ವರ ಅಂತ ಬರೆದಿಟ್ಟು 1796ರಲ್ಲಿ ಸಣ್ಣ ಪುಸ್ತಕ ಮಾಡಿದ. ಸೊಳ್ಳೆ ಅಂತ ಗೊತ್ತಾಗಲು ಇನ್ನೂ ನೂರು ವರ್ಷ ಬೇಕಿತ್ತು. ಆದರೂ ಬರೆದಿಡುವ ಅಭ್ಯಾಸ ಒಳ್ಳೆಯದು.

ಗುಬ್ಬಿ_ಗೂಡು:
ಧನ್ಯವಾದ ಸಾರ್. ರಕ್ತ ಹರಿಸುವುದು ಕೇಳಿ ಬೆಳಗಿನ ಕಾಫಿ ಇಳಿಯುತ್ತಿಲ್ಲ.

ಚಾರ್ಲ್‌ಸ್ಟನ್_ಅತ್ತಿಗೆ:
ರಾತ್ರಿ ಎರಡು ಗಂಟೆ. ಯಜಮಾನರು ಎರಡು ಸಲ ಲೈಟ್ ಆರಿಸಿ ಹೋದರು, ನಾನು ಎರಡು ಸಲ ಹಾಕಿದೆ.

ಹೀಗೆ ಮಾಡುತ್ತೇನೆ. ದರ್ಜಿಯ ಗುಂಡಿನಿಂದ ಶುರು. "ಅವನ ತಪ್ಪಿಲ್ಲ" ಅನ್ನುವ ಮಾತು ಆದ ಕೂಡಲೇ ಜೆಫರ್ಸನ್‌ಗೆ ಬರೆದ ಪತ್ರ, ಅದರ ಪಕ್ಕದಲ್ಲೇ ‘ಸಿವಿಸ್’ ಕರಪತ್ರ, ಆಮೇಲೆ ಬಂದರಿಗೆ ಬಂದ 40 ಸಾವಿರ ಜನ. ನಾನು ತೀರ್ಪು ಬರೆಯುವುದಿಲ್ಲ. ಮಾರ್ಥಾಳ ದಿನಚರಿಗೆ ಒಂದು ಪ್ಯಾರಾ. ಕಾಪಿರೈಟ್ ತಮಾಷೆ ಒಂದು ಪೆಟ್ಟಿಗೆಯಲ್ಲಿ. ಕಾರ್ನ್‌ವಾಲಿಸ್‌ಗೆ ಜಾಗ ಉಳಿಯುತ್ತಿಲ್ಲ, ಶ್ರೀರಂಗಪಟ್ಟಣದವರು ಬೈಯಬೇಡಿ.

ಒಂದೇ ಪ್ರಶ್ನೆ ಬಾಕಿ. ಆ ದರ್ಜಿಯ ಬಗ್ಗೆ ರಾಮ್ಸೆ ಬಳಸಿದ ಪದಕ್ಕೆ ಕನ್ನಡದಲ್ಲಿ "ಹುಚ್ಚ" ಅಂತ ಹಾಕಲಾ, "ಬುದ್ಧಿ ಭ್ರಮಣೆ ಆದವನು" ಅಂತಲಾ?

ಹಳೇ_ಸ್ಟೆತಸ್ಕೋಪು:
"ಹುಚ್ಚ" ಬೇಡ. ಅವನು ಬೈಯಲಿಲ್ಲ.

ಶ್ರೀರಂಗಪಟ್ಟಣದ_ಮಗ:
ಕಾರ್ನ್‌ವಾಲಿಸ್‌ನನ್ನು ಬಿಟ್ಟದ್ದಕ್ಕೆ ಬೈಯುತ್ತೇನೆ. ಮೂರನೇ ಪುಟ ಕೇಳಿ ನೋಡಿ.

ಚಾರ್ಲ್‌ಸ್ಟನ್_ಅತ್ತಿಗೆ:
ಕೇಳಿದೆ. ಮೂರನೇ ಪುಟ ಹೋಳಿಗೆ ರೆಸಿಪಿಗೆ ಹೋಗಿದೆಯಂತೆ. ನಾಳೆ ಮಳೆ ನಿಂತರೆ ಸ್ಮಶಾನಕ್ಕೆ ಹೋಗಿ ಸಮಾಧಿಯ ಫೋಟೊ ತೆಗೆದು ಹಾಕುತ್ತೇನೆ.